ಹಳೆಯ ಐಷಾರಾಮಿ ಕಾರಿನ ಕಿಟಕಿಯನ್ನು ‘ಡೈರೆಕ್ಟ್’ ಮಾಡಿಸಬೇಡಿ

ಮಾನ್ಯ ಸಂಪಾದಕರೇ,

ಹತ್ತು-ಹದಿನೈದು ವರ್ಷ ಓಡಿದ ಬೆನ್ಜ್, ಬಿಎಂಡಬ್ಲ್ಯು, ಆಡಿ ಕಾರುಗಳು ಈಗ ಹೊಸ ಸಣ್ಣ ಕಾರೊಂದರ ಬೆಲೆಗೆ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆಗೆ ಸಿಗುತ್ತಿರುವುದರಿಂದ ದಾವಣಗೆರೆಯಲ್ಲಿ ಅವುಗಳ ಓಡಾಟ ಎದ್ದು ಕಾಣುವಷ್ಟಾಗಿದೆ. ಬೆಂಗಳೂರಿನ ನೋಂದಣಿ ಸಂಖ್ಯೆ ಹೊತ್ತು ಬಂದು ಇಲ್ಲಿ ಎರಡನೆಯ, ಮೂರನೆಯ ಮಾಲೀಕರ ಕೈ ಸೇರಿದ ಇಂಥ ಗಾಡಿಗಳನ್ನು ಪಿ.ಬಿ. ರಸ್ತೆಯಲ್ಲಿ, ಎಂಸಿಸಿ ಬಡಾವಣೆಯ ಮನೆಗಳ ಮುಂದೆ, ಹದಡಿ ರಸ್ತೆಯ ಅಂಗಡಿಗಳ ಎದುರು ದಿನವೂ ನೋಡಬಹುದು. ಮಾರುವವರು ಎಂಜಿನ್, ಎಸಿ, ಟೈರು ಎಲ್ಲವನ್ನೂ ಹೊಗಳಿ, ಕೊನೆಗೆ ದನಿ ತಗ್ಗಿಸಿ ‘ಒಂದು ಗ್ಲಾಸಿಂದು ಸಣ್ಣ ಕೆಲಸ ಐತಿ’ ಎಂದು ಸೇರಿಸುತ್ತಾರೆ. ಗುಂಡಿ ಒತ್ತಿದರೆ ಏರದ ಅಥವಾ ಏರಿದ್ದು ಇಳಿಯದ ಪವರ್ ವಿಂಡೋವನ್ನು ನಮ್ಮ ಊರಿನಲ್ಲಿ ಈಗ ರಿಪೇರಿ ಮಾಡುತ್ತಿರುವ ರೀತಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ. ವಾಹನಗಳ ವಿದ್ಯುತ್ ಕೆಲಸವನ್ನೇ ವೃತ್ತಿಯಾಗಿ ಮಾಡಿಕೊಂಡು ಬಂದು, ಈಗ ಅಂಗಡಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟಿರುವವನು ನಾನು.

ಸದ್ಯಕ್ಕೆ ಇಲ್ಲಿ ಎರಡು ದಾರಿಗಳು ಚಾಲ್ತಿಯಲ್ಲಿವೆ. ಒಂದು, ಏನು ಕೆಟ್ಟಿದೆ ಎಂದು ನೋಡದೆಯೇ ಮೋಟಾರು, ರೆಗ್ಯುಲೇಟರ್, ಸ್ವಿಚ್ಚು ಎಲ್ಲವನ್ನೂ ಒಟ್ಟಿಗೆ ಬದಲಿಸಿ ಎಂದು ಹೇಳುವುದು; ಇದರಿಂದ ಹಣ ಹೋಗುತ್ತದೆ, ಬೇರೇನೂ ಆಗುವುದಿಲ್ಲ. ಇನ್ನೊಂದು, ಕಾರಿನ ಮೂಲ ವೈರಿಂಗನ್ನೂ ನಿಯಂತ್ರಣ ಪೆಟ್ಟಿಗೆಯನ್ನೂ ಪಕ್ಕಕ್ಕೆ ಸರಿಸಿ, ಬ್ಯಾಟರಿಯಿಂದ ನೇರವಾಗಿ ಎರಡು ತಂತಿ ಎಳೆದು, ಅಗ್ಗದ ಸ್ವಿಚ್ಚೊಂದನ್ನು ಡ್ಯಾಶ್‌ಬೋರ್ಡಿನ ಕೆಳಗೆ ಅಂಟಿಸಿ ‘ಡೈರೆಕ್ಟ್’ ಮಾಡಿಕೊಡುವುದು. ಈ ಎರಡನೆಯ ದಾರಿ ಅಪಾಯಕಾರಿ. ಸಾಮಾನ್ಯ ಮಾಲೀಕನಿಗೆ ಆ ಅಪಾಯ ಗೊತ್ತಾಗುವುದೂ ಇಲ್ಲ, ಏಕೆಂದರೆ ಗಾಜು ಏರುತ್ತದೆ, ಇಳಿಯುತ್ತದೆ, ಬಿಲ್ಲೂ ಕಡಿಮೆ ಬಂದಿರುತ್ತದೆ.

ಬಾಗಿಲಿನ ಒಳಗೆ ಏನಿದೆ ಎಂಬುದನ್ನು ಮೊದಲು ಹೇಳುತ್ತೇನೆ. 1940ರ ದಶಕದ ಆರಂಭದಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರಿನಲ್ಲಿ ಇಂಥ ಕಿಟಕಿ ಬಂದಾಗ ಗಾಜನ್ನು ಎತ್ತುತ್ತಿದ್ದುದು ದ್ರವದ ಒತ್ತಡ. ಇಂದಿನ ಕಾರುಗಳಲ್ಲಿ ಆ ಕೆಲಸವನ್ನು 12 ವೋಲ್ಟ್‌ನ ಸಣ್ಣ ಡಿಸಿ ಮೋಟಾರು ಮಾಡುತ್ತದೆ. ಮೋಟಾರಿನ ತುದಿಯಲ್ಲಿ ವರ್ಮ್ ಗೇರ್, ಎಂದರೆ ಮೋಟಾರಿನ ಕಡೆಯಿಂದ ಮಾತ್ರ ತಿರುಗುವ ತಿರುಪಿನಂಥ ಗೇರ್, ಇರುವುದರಿಂದ ಗಾಜನ್ನು ಹೊರಗಿನಿಂದ ಕೈಯಲ್ಲಿ ಒತ್ತಿ ಇಳಿಸಲು ಆಗುವುದಿಲ್ಲ. ಮೋಟಾರು ತಿರುಗಿಸುವ ಡ್ರಮ್ಮಿಗೆ ಬಾವಿಯ ರಾಟೆಯ ಹಗ್ಗದಂತೆ ಸಣ್ಣ ಉಕ್ಕಿನ ಕೇಬಲ್ ಸುತ್ತಿಕೊಂಡಿರುತ್ತದೆ. ಆ ಕೇಬಲ್ ಹಳಿಯ ಮೇಲೆ ಜಾರುವ ಒಂದು ಪ್ಲಾಸ್ಟಿಕ್ ತುಂಡನ್ನು ಎಳೆಯುತ್ತದೆ. ಗಾಜು ಕೂತಿರುವುದು ಆ ತುಂಡಿನ ಮೇಲೆ. ಕೇಬಲ್, ಹಳಿ, ಈ ತುಂಡು ಎಲ್ಲ ಸೇರಿದ್ದನ್ನು ರೆಗ್ಯುಲೇಟರ್ ಎನ್ನುತ್ತಾರೆ, ನಮ್ಮ ಗ್ಯಾರೇಜುಗಳಲ್ಲಿ ‘ಗ್ಲಾಸ್ ಮಷೀನು’. ಲಕ್ಷಗಟ್ಟಲೆ ಬೆಲೆಯ ಕಾರಿನಲ್ಲಿ ಮೊದಲು ಸೋಲುವುದು ಎಷ್ಟೋ ಸಲ ಬೆರಳುದ್ದದ ಆ ಪ್ಲಾಸ್ಟಿಕ್ಕೇ. ಬಿಎಂಡಬ್ಲ್ಯುವಿನ ಇ46 ಪೀಳಿಗೆಯ 3 ಸರಣಿಯ ಕಾರುಗಳಲ್ಲಿ ಈ ಪ್ಲಾಸ್ಟಿಕ್ ತುಂಡು, ಎಂದರೆ ಕ್ಲಿಪ್, ಒಡೆಯುವುದು ಎಲ್ಲ ದೇಶಗಳ ಮೆಕ್ಯಾನಿಕ್ಕುಗಳಿಗೂ ಗೊತ್ತಿರುವ ಸಂಗತಿ. ಬಿಸಿಲಿಗೆ ಬಾಗಿಲಿನ ತಗಡು ಕಾದು ಕಾದು ಪ್ಲಾಸ್ಟಿಕ್ ಪೆಡಸಾಗುತ್ತದೆ. ನಮ್ಮಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ನೆರಳಿಲ್ಲದೆ ನಿಲ್ಲಿಸಿದ ಕಾರಿನ ಬಾಗಿಲನ್ನು ಮುಟ್ಟಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಳೆಯ ದೊಡ್ಡ ಕಾರುಗಳಲ್ಲಿ ಗಾಜಿನ ತೂಕವೂ ಹೆಚ್ಚು. 1991ರಲ್ಲಿ ಬಂದ ಬೆನ್ಜ್‌ನ ಡಬ್ಲ್ಯು140 ಎಸ್ ಕ್ಲಾಸಿನಲ್ಲಿ ಪಕ್ಕದ ಕಿಟಕಿಗಳಿಗೂ ಎರಡೆರಡು ಪದರದ ಗಾಜು ಇತ್ತು.

ಏನು ಕೆಟ್ಟಿದೆ ಎಂದು ತಿಳಿಯಲು ಮೊದಲು ಬೇಕಾದದ್ದು ಕಿವಿ, ಕಾರಿನ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರು ಆಮೇಲೆ. ಸದ್ದಿಲ್ಲದ ಜಾಗದಲ್ಲಿ ಕಾರು ನಿಲ್ಲಿಸಿ, ಬಾಗಿಲಿಗೆ ಕಿವಿ ಹತ್ತಿರ ತಂದು ಸ್ವಿಚ್ ಒತ್ತಬೇಕು. ಒಳಗೆ ಮೋಟಾರು ಸರಾಗವಾಗಿ ತಿರುಗುವ ಸದ್ದು ಬಂದು ಗಾಜು ಮಾತ್ರ ಅಲುಗದಿದ್ದರೆ, ಅಥವಾ ಕಟಕಟ ಎಂದು ತಂತಿ ಸಿಕ್ಕಿಕೊಂಡ ಸದ್ದು ಬಂದರೆ, ತೊಂದರೆ ರೆಗ್ಯುಲೇಟರಿನದು. ಅಂಥ ಗಾಡಿಗೆ ಹೊಸ ಸ್ವಿಚ್ಚು ಕೊಳ್ಳುವುದು ವ್ಯರ್ಥ. ಟಕ್ ಎಂಬ ಒಂದೇ ಸದ್ದು ಬಂದು, ಅದೇ ಕ್ಷಣ ಒಳಗಿನ ದೀಪ ಮಂಕಾದರೆ ಮೋಟಾರಿಗೆ ಕರೆಂಟು ಮುಟ್ಟುತ್ತಿದೆ, ಆದರೆ ಅದು ತಿರುಗಲಾರದೆ ಒದ್ದಾಡುತ್ತಿದೆ ಎಂದು ಅರ್ಥ. ಯಾವ ಸದ್ದೂ ಇಲ್ಲವಾದರೆ ಫ್ಯೂಸು, ಸ್ವಿಚ್ಚು, ತಂತಿ, ಮೋಟಾರಿನ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ತುಂಡು), ಈ ಕ್ರಮದಲ್ಲಿ ಹುಡುಕಬೇಕು. ನಾಲ್ಕೂ ಕಿಟಕಿ ಒಟ್ಟಿಗೆ ಸತ್ತಿದ್ದರೆ ನಾಲ್ಕು ಮೋಟಾರು ಒಂದೇ ದಿನ ಸುಟ್ಟಿರಲಾರವು; ನಾಲ್ಕಕ್ಕೂ ಸಮಾನವಾದ ಫ್ಯೂಸನ್ನೋ ತಂತಿಯನ್ನೋ ನೋಡಬೇಕು. ಹಿಂದಿನ ಬಾಗಿಲಿನ ಗಾಜು ಚಾಲಕನ ಸ್ವಿಚ್ಚಿಗೆ ಸ್ಪಂದಿಸಿ ಅಲ್ಲಿಯದೇ ಸ್ವಿಚ್ಚಿಗೆ ಸ್ಪಂದಿಸದಿದ್ದರೆ, ಮಕ್ಕಳಿಗಾಗಿ ಇಟ್ಟಿರುವ ಲಾಕ್ ಗುಂಡಿಯನ್ನು ಯಾರೋ ಒತ್ತಿರಬಹುದು. ಈ ಒಂದು ಗುಂಡಿಯ ಕಾರಣಕ್ಕೆ ಬಾಗಿಲು ಬಿಚ್ಚಿಸಿದವರನ್ನು ನಾನು ಕಂಡಿದ್ದೇನೆ.

ಸದ್ದಿಲ್ಲದ ಕಿಟಕಿಗಳಲ್ಲಿ ಹೆಚ್ಚು ಮಂದಿ ನೋಡದೇ ಬಿಡುವ ಜಾಗವೆಂದರೆ ಬಾಗಿಲಿನ ಕೀಲಿನ ಬಳಿ ಇರುವ, ಸುಕ್ಕು ಸುಕ್ಕಾದ ರಬ್ಬರ್ ಕೊಳವೆ. ಕಾರಿನ ಮೈಯಿಂದ ಬಾಗಿಲಿಗೆ ಹೋಗುವ ಎಲ್ಲ ತಂತಿಗಳೂ ಅದರ ಮೂಲಕ ಹಾದುಹೋಗುತ್ತವೆ. ಬಾಗಿಲು ತೆರೆದಾಗಲೊಮ್ಮೆ, ಮುಚ್ಚಿದಾಗಲೊಮ್ಮೆ ಅವು ಅದೇ ಜಾಗದಲ್ಲಿ ಬಾಗುತ್ತವೆ; ವರ್ಷಗಳು ಕಳೆದಂತೆ ಹೊರಗಿನ ಪ್ಲಾಸ್ಟಿಕ್ ಬಿರಿದು, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಚಾಲಕನ ಬಾಗಿಲು ಎಲ್ಲಕ್ಕಿಂತ ಹೆಚ್ಚು ಸಲ ತೆರೆಯುವುದರಿಂದ ಅಲ್ಲಿಯೇ ಇದು ಮೊದಲು ಕಾಣಿಸಿಕೊಳ್ಳುತ್ತದೆ. ಇದನ್ನು ಗುರುತಿಸುವುದು ಕಷ್ಟವಲ್ಲ: ಒಬ್ಬರು ಸ್ವಿಚ್ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಬಾಗಿಲನ್ನು ನಿಧಾನವಾಗಿ ಅತ್ತಿತ್ತ ಆಡಿಸಬೇಕು, ಯಾವುದೋ ಒಂದು ಕೋನದಲ್ಲಿ ಗಾಜು ಜೀವ ಬಂದಂತೆ ಅಲುಗಿದರೆ ತಂತಿ ಮುರಿದಿದೆ ಎಂದು ತಿಳಿಯಬಹುದು. ಸೆಂಟ್ರಲ್ ಲಾಕ್, ಬಾಗಿಲಿನ ಸ್ಪೀಕರು, ಪಕ್ಕದ ಕನ್ನಡಿ ಇವೂ ಆಗಾಗ ಕೈಕೊಡುತ್ತಿದ್ದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಮುರಿದ ತಂತಿಯನ್ನು ತಿರುಚಿ ಕಪ್ಪು ಟೇಪು ಸುತ್ತಿದರೆ ಅದು ಕೆಲವೇ ತಿಂಗಳಲ್ಲಿ ಮತ್ತೆ ಬಿಡುತ್ತದೆ. ಬಾಗುವ ಜಾಗದ ಎರಡೂ ಕಡೆ ಸ್ವಲ್ಪ ದೂರ ಬಿಟ್ಟು ಕತ್ತರಿಸಿ, ಮೆದುವಾದ ಸಿಲಿಕೋನ್ ಹೊದಿಕೆಯ ಹೊಸ ತಂತಿಯನ್ನು ಬೆಸುಗೆ ಹಾಕಿ, ಬೆಸುಗೆಗಳೆಲ್ಲ ಒಂದೇ ಸಾಲಿನಲ್ಲಿ ಬರದಂತೆ ಹಿಂದುಮುಂದಾಗಿಸಿ, ಶಾಖಕ್ಕೆ ಕುಗ್ಗುವ ತೋಳು ಹಾಕಿದರೆ ಆ ಕೆಲಸ ವರ್ಷಗಟ್ಟಲೆ ಉಳಿಯುತ್ತದೆ. ಇದಕ್ಕೆ ಬೇಕಾದ ಸಾಮಾನಿನ ಬೆಲೆ ಅತ್ಯಲ್ಪ. ಬೇಕಾದದ್ದು ಒಂದು ಮಧ್ಯಾಹ್ನದ ಸಮಯ ಮತ್ತು ತಾಳ್ಮೆ. ಬಹುಶಃ ಅದಕ್ಕೇ ಯಾರೂ ಇದನ್ನು ಮಾಡಲು ಇಷ್ಟಪಡುವುದಿಲ್ಲ. ಮೋಟಾರು ಮಾರಿದರೆ ಲಾಭ ಉಂಟು, ತಂತಿ ಬೆಸೆದರೆ ಬರೀ ಕೂಲಿ.

ಗಾಜು ನಿಧಾನವಾಗಿ ಏರುವುದು ಬೇರೆಯೇ ಕತೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಜಗಳೂರು, ಹರಪನಹಳ್ಳಿ ಕಡೆಯ ರಸ್ತೆಗಳ ಮೇಲೆ ಕಾಳು ಹರಡಿ ಒಣಗಿಸುವಾಗ ಏಳುವ ಧೂಳು, ಅಕ್ಕಿ ಗಿರಣಿಗಳ ಹೊಟ್ಟಿನ ಪುಡಿ, ಚಿತ್ರದುರ್ಗದ ಕಡೆಯ ಗಣಿ ಲಾರಿಗಳ ಕೆಂಪು ಮಣ್ಣು, ಎಲ್ಲವೂ ಗಾಜು ಜಾರುವ ಚಾನಲ್ ರಬ್ಬರಿನಲ್ಲಿ ಕೂತು ಗಟ್ಟಿಯಾಗುತ್ತದೆ. ಮೋಟಾರು ಆ ಘರ್ಷಣೆಯ ವಿರುದ್ಧ ಎಳೆದೆಳೆದು ಬಿಸಿಯಾಗುತ್ತದೆ. ಒಳಗಿನ ಉಷ್ಣ ರಕ್ಷಕ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಮತ್ತೆ ನಡೆಯುತ್ತದೆ. ಇದನ್ನು ‘ಮೋಟಾರು ಹೋಗಿದೆ’ ಎಂದು ತೀರ್ಮಾನಿಸಿದರೆ ಹೊಸ ಮೋಟಾರಿಗೂ ಅದೇ ಗತಿ. ಒದ್ದೆ ಬಟ್ಟೆಯನ್ನು ತೆಳ್ಳನೆಯ ಪಟ್ಟಿಗೆ ಸುತ್ತಿ ಚಾನಲ್ಲನ್ನು ಒರೆಸಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆಯಬೇಕು. ಎಂಜಿನ್ ಆಯಿಲ್, ಗ್ರೀಸ್, ಕೊಬ್ಬರಿ ಎಣ್ಣೆ ಯಾವುದನ್ನೂ ಅಲ್ಲಿಗೆ ಹಾಕಬಾರದು; ಪೆಟ್ರೋಲಿಯಂ ಎಣ್ಣೆಗೆ ರಬ್ಬರು ಉಬ್ಬುತ್ತದೆ, ಜಿಡ್ಡಿಗೆ ಧೂಳು ಇನ್ನಷ್ಟು ಅಂಟುತ್ತದೆ. ಗ್ರೀಸ್ ಬೇಕಾಗುವುದು ಬಾಗಿಲಿನ ಒಳಗಿನ ಲೋಹದ ಹಳಿಗೆ ಮಾತ್ರ. ಬ್ಯಾಟರಿಯನ್ನೂ ಮರೆಯಬಾರದು: ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್, ಓಡುತ್ತಿರುವಾಗ 14ರ ಆಸುಪಾಸು ಇಲ್ಲದಿದ್ದರೆ ಕಿಟಕಿಯನ್ನು ದೂರುವ ಮೊದಲು ಬ್ಯಾಟರಿಯನ್ನೂ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ನೋಡಬೇಕು.

ಈಗ ‘ಡೈರೆಕ್ಟ್’ ವಿಷಯಕ್ಕೆ ಬರುತ್ತೇನೆ. ಗುಂಡಿಯನ್ನು ಒಮ್ಮೆ ತಟ್ಟಿದರೆ ತಾನಾಗಿ ಕೊನೆಯವರೆಗೂ ಏರುವ ಗಾಜಿನ ದಾರಿಯಲ್ಲಿ ಕೈಯೋ ಕತ್ತೋ ಸಿಕ್ಕಿದರೆ ಅದು ತಡೆದು ಹಿಂದಿರುಗಬೇಕು. ಮೋಟಾರಿನೊಳಗಿನ ಸಂವೇದಕ ಅದರ ತಿರುಗುವಿಕೆಯನ್ನು ಎಣಿಸುತ್ತಿರುತ್ತದೆ; ತಿರುಗುವ ವೇಗ ಇದ್ದಕ್ಕಿದ್ದಂತೆ ತಗ್ಗಿದರೆ ಬಾಗಿಲಿನ ಮಾಡ್ಯೂಲು, ಎಂದರೆ ನಿಯಂತ್ರಣ ಪೆಟ್ಟಿಗೆ, ದಿಕ್ಕನ್ನು ಬದಲಿಸುತ್ತದೆ. ಯುರೋಪಿನ ಕಾರುಗಳು ಪಾಲಿಸುವ ವಿಶ್ವಸಂಸ್ಥೆಯ 21ನೆಯ ವಾಹನ ನಿಯಮದ ಪ್ರಕಾರ, ಕಿಟಕಿಯಲ್ಲಿ 4 ಮಿಲಿಮೀಟರಿನಿಂದ 200 ಮಿಲಿಮೀಟರಿನಷ್ಟು ತೆರಪು ಉಳಿದಿರುವಾಗ, ಅಡ್ಡ ಬಂದದ್ದರ ಮೇಲಿನ ಒತ್ತಡ 100 ನ್ಯೂಟನ್ನನ್ನು, ಎಂದರೆ ಸುಮಾರು ಹತ್ತು ಕಿಲೋ ತೂಕವನ್ನು, ಮೀರುವ ಮೊದಲೇ ಗಾಜು ಹಿಂದಿರುಗಬೇಕು. ನೇರ ತಂತಿ ಎಳೆದ ದಿನವೇ ಈ ರಕ್ಷಣೆ ಪೂರ್ತಿ ಹೋಗುತ್ತದೆ. ಅಷ್ಟೇ ಅಲ್ಲ, ಮೂಲ ವ್ಯವಸ್ಥೆಯಲ್ಲಿ ಕೀಲಿ ತೆಗೆದ ಸ್ವಲ್ಪ ಹೊತ್ತಿಗೆ ಕಿಟಕಿಯ ಸ್ವಿಚ್ಚುಗಳಿಗೆ ಕರೆಂಟು ನಿಲ್ಲುತ್ತದೆ. ಬ್ಯಾಟರಿಯಿಂದ ನೇರ ಬಂದ ತಂತಿ ಹಗಲೂ ರಾತ್ರಿ ಜೀವಂತವಾಗಿರುತ್ತದೆ. ಮದುವೆ ಮನೆಯ ಮುಂದೆ ನಿಲ್ಲಿಸಿದ ಕಾರಿನಲ್ಲಿ ಆಡುವ ಮಗು ಕಿಟಕಿಯಿಂದ ತಲೆ ಹೊರಹಾಕಿ ಅದೇ ಸ್ವಿಚ್ಚಿನ ಮೇಲೆ ಮೊಣಕಾಲೂರಿದರೆ ಏನಾದೀತು ಎಂಬುದನ್ನು ಡೈರೆಕ್ಟ್ ಮಾಡಿಕೊಡುವವರು ಒಮ್ಮೆ ಯೋಚಿಸಬೇಕು. ಇನ್ನು ಬೆಂಕಿಯ ಮಾತು. ಕಾರಿನ ಕಂಪನಿ ಕಿಟಕಿಯ ಸರ್ಕ್ಯೂಟಿಗೆ ಸಾಮಾನ್ಯವಾಗಿ 20ರಿಂದ 30 ಆಂಪಿಯರಿನ ಫ್ಯೂಸ್ ಇಟ್ಟು, ಅದಕ್ಕೆ ತಕ್ಕ ದಪ್ಪದ ತಂತಿ ಹಾಕಿರುತ್ತದೆ. ಡೈರೆಕ್ಟ್ ಕೆಲಸದಲ್ಲಿ ಫ್ಯೂಸೂ ಇರುವುದಿಲ್ಲ, ತಂತಿಯೂ ಮನೆಯ ಕಾಲಿಂಗ್ ಬೆಲ್ಲಿಗೆ ಎಳೆಯುವಷ್ಟೇ ತೆಳು. ಗಾಜು ಸಿಕ್ಕಿಕೊಂಡು ಮೋಟಾರು ನಿಂತಾಗ ಹರಿಯುವ ಕರೆಂಟಿಗೆ ಆ ತಂತಿ ಕಾರ್ಪೆಟ್ಟಿನ ಅಡಿಯಲ್ಲೇ ಕರಗಬಹುದು.

ಮೋಟಾರು ಚೆನ್ನಾಗಿದೆಯೇ ಎಂದು ಪರೀಕ್ಷಿಸಲು ಅದಕ್ಕೆ ಕ್ಷಣಕಾಲ ನೇರವಾಗಿ 12 ವೋಲ್ಟ್ ಕೊಟ್ಟು ನೋಡುವುದು ಹಳೆಯ ಪದ್ಧತಿ, ಎರಡು ತಂತಿಯ ಸರಳ ಮೋಟಾರಿಗೆ ಅದು ಸರಿಯೂ ಹೌದು. ಆದರೆ ಕೆಲವು ಕಾರುಗಳಲ್ಲಿ ಮೋಟಾರಿನ ಜೊತೆಗೇ ಎಲೆಕ್ಟ್ರಾನಿಕ್ ಪೆಟ್ಟಿಗೆ ಸೇರಿಕೊಂಡಿರುತ್ತದೆ, ಪ್ಲಗ್ಗಿನಲ್ಲಿ ನಾಲ್ಕಾರು ತಂತಿಗಳಿರುತ್ತವೆ. ಅಲ್ಲಿ ಅಂದಾಜಿನ ಮೇಲೆ ಬ್ಯಾಟರಿ ಮುಟ್ಟಿಸಿದರೆ ಚೆನ್ನಾಗಿದ್ದದ್ದೂ ಸುಡುತ್ತದೆ. ಪ್ಲಗ್ ನೋಡಿದ ಮೇಲೆ ಕೈ ಹಾಕುವುದೋ ಬಿಡುವುದೋ ನಿರ್ಧರಿಸಬೇಕು. ಬಾಗಿಲಿನ ಪ್ಯಾಡು, ಎಂದರೆ ಒಳಬದಿಯ ಹೊದಿಕೆ, ಬಿಚ್ಚುವ ಮೊದಲು ಇನ್ನೊಂದು ಎಚ್ಚರ: ಹಲವು ಐಷಾರಾಮಿ ಕಾರುಗಳ ಬಾಗಿಲಿನಲ್ಲೇ ಏರ್‌ಬ್ಯಾಗ್ ಇರುತ್ತದೆ, ಆದ್ದರಿಂದ ಬ್ಯಾಟರಿಯ ಸಂಪರ್ಕ ತೆಗೆದು ಕೆಲವು ನಿಮಿಷ ಕಾದು ಕೆಲಸ ಶುರು ಮಾಡಬೇಕು.

ಬ್ಯಾಟರಿ ತೆಗೆದು ಹಾಕಿದ ಮೇಲೆ ‘ಗ್ಲಾಸು ಮೇಲೆ ಹೋಗಿ ತಾನೇ ವಾಪಸ್ ಬರುತ್ತದೆ’ ಅಥವಾ ‘ಒಂದೇ ತಟ್ಟಿಗೆ ಏಳುತ್ತಿಲ್ಲ’ ಎಂದು ಬರುವವರು ಅನೇಕ. ಅದು ಕೆಟ್ಟದ್ದಲ್ಲ. ಗಾಜಿನ ಮೇಲಿನ ಕೊನೆ, ಕೆಳಗಿನ ಕೊನೆ ಎಲ್ಲಿದೆ ಎಂಬುದನ್ನು ಮಾಡ್ಯೂಲು ಮರೆತಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಗಾಜನ್ನು ಪೂರ್ತಿ ಇಳಿಸಿ, ಮತ್ತೆ ಪೂರ್ತಿ ಏರಿಸಿ, ಏರಿದ ಮೇಲೂ ಗುಂಡಿಯನ್ನು ಕೆಲವು ಸೆಕೆಂಡು ಎತ್ತಿ ಹಿಡಿದರೆ ಅದು ಮತ್ತೆ ಕಲಿತುಕೊಳ್ಳುತ್ತದೆ. ಕ್ರಮ ಕಾರಿನಿಂದ ಕಾರಿಗೆ ಸ್ವಲ್ಪ ಬೇರೆಯಾಗಿರುವುದರಿಂದ ಮಾಲೀಕರ ಕೈಪಿಡಿಯನ್ನು ನೋಡುವುದು ಒಳ್ಳೆಯದು. ಹಳೆಯ ಕಾರು ಕೊಳ್ಳುವಾಗ ಆ ಪುಸ್ತಕವನ್ನು ಕೇಳಿ ಪಡೆಯಿರಿ.

ಪ್ಯಾಡಿನ ಹಿಂದೆ ಬಾಗಿಲಿನ ತಗಡಿಗೆ ಅಂಟಿಸಿರುವ ಪ್ಲಾಸ್ಟಿಕ್ ಅಥವಾ ಫೋಮಿನ ಹಾಳೆಯೊಂದು ಇರುತ್ತದೆ. ಅದನ್ನು ಹರಿದು ಬಿಸಾಡುವ ಅಭ್ಯಾಸ ನಮ್ಮಲ್ಲಿದೆ. ಗಾಜಿನ ಮೇಲಿಂದ ಇಳಿಯುವ ಮಳೆನೀರು ಬಾಗಿಲಿನ ಒಳಗೆ ಹೋಗುವುದು ಸಹಜ. ಅದು ಕೆಳಗಿನ ತೂತುಗಳಿಂದ ಹೊರಗೆ ಹರಿದುಹೋಗುವಂತೆಯೂ, ಕಾರಿನೊಳಗೆ ಬರದಂತೆಯೂ ನೋಡಿಕೊಳ್ಳುವುದು ಆ ಹಾಳೆ. ಹಾಳೆ ಹೋದರೆ, ಇಲ್ಲವೇ ತೂತುಗಳಲ್ಲಿ ಮಣ್ಣು ಕಟ್ಟಿದರೆ, ನೀರು ಪ್ಯಾಡನ್ನೂ ಕಾರ್ಪೆಟ್ಟನ್ನೂ ನೆನೆಸುತ್ತದೆ. ಕೆಲವು ಹಳೆಯ ಆಡಿ ಮತ್ತು ಫೋಕ್ಸ್‌ವ್ಯಾಗನ್ ಮಾದರಿಗಳಲ್ಲಿ ಕಿಟಕಿ ಮತ್ತು ಲಾಕುಗಳ ನಿಯಂತ್ರಣ ಪೆಟ್ಟಿಗೆ ಕೂತಿರುವುದೇ ಚಾಲಕನ ಕಾಲಡಿಯ ಕಾರ್ಪೆಟ್ಟಿನ ಕೆಳಗೆ. ಒಂದು ಬಾಗಿಲಿನ ಅರೆಬರೆ ಕೆಲಸ ಮುಂದಿನ ಮಳೆಗಾಲಕ್ಕೆ ನಾಲ್ಕೂ ಬಾಗಿಲನ್ನು ಕೆಡಿಸುವುದು ಹೀಗೆ.

ದಾರಿಯಲ್ಲಿ ಗಾಜು ಕೆಳಗೇ ನಿಂತುಬಿಟ್ಟರೆ ಏನು ಮಾಡಬೇಕೆಂದು ಹಲವರು ಕೇಳುತ್ತಾರೆ. ಒಬ್ಬರು ಸ್ವಿಚ್ಚನ್ನು ಏರುವ ಕಡೆಗೆ ಒತ್ತಿ ಹಿಡಿದು, ಬಾಗಿಲಿನ ಪ್ಯಾಡನ್ನು ಮುಷ್ಟಿಯಿಂದ ನಾಲ್ಕು ಬಾರಿ ಗುದ್ದಿದರೆ ಸಿಕ್ಕಿಕೊಂಡ ಬ್ರಷ್ ಕೆಲವೊಮ್ಮೆ ಕೂಡಿಕೊಂಡು ಮೋಟಾರು ಕೊನೆಯದಾಗಿ ಒಮ್ಮೆ ನಡೆಯುತ್ತದೆ. ಅಲ್ಲಿಂದ ರಿಪೇರಿ ಆಗುವವರೆಗೆ ಮತ್ತೆ ಇಳಿಸಬಾರದು. ಕ್ಲಿಪ್ ಒಡೆದಿದ್ದರೆ ಗಾಜನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಮೇಲೆಳೆದು, ರಬ್ಬರಿನ ಸಂದಿಗೆ ಸಣ್ಣ ಮರದ ಬೆಣೆ ಕೊಟ್ಟು, ಗಾಜಿನ ಮೇಲಂಚಿನಿಂದ ಛಾವಣಿಯ ಮೇಲಕ್ಕೆ ಪೇಂಟರುಗಳು ಬಳಸುವ ಕಾಗದದ ಟೇಪು ಹಚ್ಚಬಹುದು. ಹೆಬ್ಬಾಳು ಟೋಲ್‌ನಲ್ಲಿ ಗಾಜು ಇಳಿಯದೆ ಪೇಚಾಡುವ ಕಾಲ ಫಾಸ್ಟ್ಯಾಗ್ ಬಂದ ಮೇಲೆ ಬಹುಮಟ್ಟಿಗೆ ಹೋಯಿತು, ಅಷ್ಟರ ಮಟ್ಟಿಗೆ ಸಮಾಧಾನ.

ಆದರೆ ಇಳಿಯದ ಗಾಜನ್ನು ‘ಹೇಗೂ ಎಸಿ ಇದೆಯಲ್ಲ’ ಎಂದು ಹಾಗೇ ಬಿಡುವವರಿಗೆ ಒಂದು ಮಾತು. ಭದ್ರಾ ನಾಲೆಯ ಏರಿಯ ಮೇಲಿನ ರಸ್ತೆಗಳಲ್ಲಿ ಓಡಾಡುವವರು ನಮ್ಮ ಜಿಲ್ಲೆಯಲ್ಲಿ ಸಾವಿರಾರು ಮಂದಿ. ವಾಹನ ನೀರಿಗೆ ಬಿದ್ದರೆ ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲ. ನೀರು ಕಿಟಕಿಯ ಮಟ್ಟಕ್ಕೆ ಬರುವ ಮೊದಲಿನ ಅಲ್ಪ ಸಮಯದಲ್ಲಿ ಸೀಟ್ ಬೆಲ್ಟ್ ಬಿಚ್ಚಿ, ಗಾಜು ಇಳಿಸಿ ಹೊರಬರುವುದೇ ಬದುಕುವ ದಾರಿ. ತುರ್ತಿಗೆಂದು ಸುತ್ತಿಗೆ ಇಟ್ಟುಕೊಂಡವರೂ ತಮ್ಮ ಗಾಜಿನ ಮೂಲೆಯಲ್ಲಿರುವ ಗುರುತನ್ನು ಓದಿ ನೋಡಬೇಕು. ಸದ್ದು ತಗ್ಗಿಸಲೆಂದು ದುಬಾರಿ ಕಾರುಗಳಿಗೆ ಹಾಕುವ ಲ್ಯಾಮಿನೇಟೆಡ್ ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಸುತ್ತಿಗೆಯ ಏಟಿಗೆ ಅದು ಬಿರುಕು ಬಿಡುತ್ತದೆಯೇ ಹೊರತು ಉದುರುವುದಿಲ್ಲ. ಉದುರುವುದು ಟೆಂಪರ್ಡ್ ಗಾಜು ಮಾತ್ರ.

ಸಂಬಂಧಪಟ್ಟವರಲ್ಲಿ ನನ್ನ ವಿನಂತಿಗಳು ಇಷ್ಟು. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಣಕ್ಕೆ ಆರ್‌ಟಿಒ ಕಚೇರಿಗೆ ಹೋಗಲೇಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕವೇ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಅಷ್ಟು ತೆಗೆದುಕೊಳ್ಳುವಾಗ ದೀಪ, ಹಾರ್ನ್, ಬ್ರೇಕ್ ನೋಡುವ ಅಧಿಕಾರಿಗಳು ನಾಲ್ಕೂ ಗಾಜನ್ನು ಒಮ್ಮೆ ಏರಿಸಿ ಇಳಿಸಿ ನೋಡಲಿ, ಡ್ಯಾಶ್‌ಬೋರ್ಡಿನ ಕೆಳಗೆ ನೇತಾಡುವ ಸ್ವಿಚ್ಚು ಕಂಡರೆ ಸರಿಪಡಿಸಿ ತರಲು ಹೇಳಲಿ. 1951ರಲ್ಲೇ ಎಂಜಿನಿಯರಿಂಗ್ ಕಾಲೇಜು ಕಂಡ ಈ ಊರಿನಲ್ಲಿ ಐಟಿಐ, ಪಾಲಿಟೆಕ್ನಿಕ್‌ಗಳಿಗೆ ಕೊರತೆಯಿಲ್ಲ. ಗ್ಯಾರೇಜಿನಲ್ಲಿ ದುಡಿಯುವ ಹುಡುಗರಿಗಾಗಿ ಅವು ಭಾನುವಾರಗಳಲ್ಲಿ ಬಾಗಿಲಿನ ವೈರಿಂಗ್, ಮಲ್ಟಿಮೀಟರ್ ಬಳಕೆ, ಸರ್ಕ್ಯೂಟ್ ನಕ್ಷೆ ಓದುವುದು ಇಷ್ಟನ್ನು ಕಲಿಸಿದರೂ ಡೈರೆಕ್ಟ್ ಮಾಡುವ ಅನಿವಾರ್ಯತೆ ಅರ್ಧದಷ್ಟು ಕಡಿಮೆಯಾದೀತು. ಆ ಹುಡುಗರು ಅಪಾಯ ಬಯಸಿ ಹಾಗೆ ಮಾಡುತ್ತಿಲ್ಲ, ಬೇರೆ ದಾರಿಯನ್ನು ಅವರಿಗೆ ಯಾರೂ ತೋರಿಸಿಲ್ಲ. ಬಿಡಿಭಾಗಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವ ಮಾಲೀಕರು ಕಾರಿನ ಹೆಸರು, ವರ್ಷ ಮಾತ್ರ ಹೇಳದೆ ಚಾಸಿ ಸಂಖ್ಯೆಯನ್ನೂ ಹಳೆಯ ತುಂಡನ್ನೂ ಜೊತೆಗೆ ಒಯ್ಯಬೇಕು. ಒಂದೇ ಮಾದರಿಯಲ್ಲಿ ಎಡ-ಬಲ, ಹಿಂದೆ-ಮುಂದೆ ಮಾತ್ರವಲ್ಲ, ತಯಾರಾದ ತಿಂಗಳಿಗೆ ತಕ್ಕಂತೆಯೂ ರೆಗ್ಯುಲೇಟರ್ ಬೇರೆಯಾಗಬಹುದು. ಗ್ಯಾರೇಜಿನವರು ತೆಗೆದ ಹಳೆಯ ಭಾಗವನ್ನು ಗಿರಾಕಿಗೆ ಹಿಂದಿರುಗಿಸಿ, ‘ಕಿಟಕಿ ಕೆಲಸ’ ಎಂದಷ್ಟೇ ಬರೆಯುವ ಬದಲು ಕ್ಲಿಪ್ಪೋ, ಕೇಬಲ್ಲೋ, ಕೀಲಿನ ಬಳಿಯ ತಂತಿಯೋ, ಯಾವುದು ಕೆಟ್ಟಿತ್ತೆಂದು ಬಿಲ್ಲಿನಲ್ಲಿ ನಮೂದಿಸುವ ಪದ್ಧತಿಯನ್ನು ಈಗಿನಿಂದಲಾದರೂ ಆರಂಭಿಸಬೇಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಹಿರಿಯ ಆಟೊ ಎಲೆಕ್ಟ್ರಿಷಿಯನ್
ದಾವಣಗೆರೆ